ಆಟೋಮ್ಯಾಟಿಕ್ ಗಾಡಿ ಜರ್ಕ್ ಹೊಡೆದರೆ

ಅಮಾವಾಸ್ಯೆಯ ಹಿಂದಿನ ದಿನ ಕಾಮಗೆರೆಯಲ್ಲಿ ರಸ್ತೆ ಬದಿ ಅರ್ಧ ಗಂಟೆ ನಿಂತು ನೋಡಿ. ಕೊಳ್ಳೇಗಾಲದ ಕಡೆಯಿಂದ ಸಾಲುಗಟ್ಟಿ ಬರುವ ಗಾಡಿಗಳು ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುತ್ತವೆ. ಹಿಂದೆ ಇದೇ ರಸ್ತೆಯಲ್ಲಿ ಓಮ್ನಿ, ಸುಮೋ, ಟವೇರಾಗಳದೇ ರಾಜ್ಯಭಾರ. ಈಗ ಎರ್ಟಿಗಾ, ಇನ್ನೋವಾ, ಟ್ರೈಬರ್, ಕಾರೆನ್ಸ್. ಒಳಗೆ ಅಜ್ಜಿಯಿಂದ ಮೊಮ್ಮಗುವಿನ ತನಕ ಏಳೆಂಟು ಜನ, ಹಿಂದೆ ಪಾತ್ರೆಪಡಗ. ಇವುಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಗಾಡಿಗಳೂ ಸಾಕಷ್ಟಿವೆ.

ನಮ್ಮ ಮನೆ ಮುಂದೆಯೂ ಅಂಥದೊಂದು ನಿಂತಿರುವುದರಿಂದ ಅಕ್ಕಪಕ್ಕದವರು ಬಂದು ಕೇಳುವುದುಂಟು. "ಅಣ್ಣ, ಎರಡನೇ ಗೇರಿಗೆ ಬೀಳುವಾಗ ಗಾಡಿ ಒದ್ದಂಗಾಯ್ತದೆ. ಗೇರ್ ಬಾಕ್ಸ್ ಹೋಯ್ತಾ?" ನಾನು ಮೆಕ್ಯಾನಿಕ್ ಅಲ್ಲ. ಆದರೂ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ಯಾವಾಗ ಒದೀತದೆ?" ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಹೊರಡುವಾಗಲೋ, ನಿಲ್ಲುವಾಗಲೋ? ಎ.ಸಿ. ಹಾಕಿದಾಗ ಮಾತ್ರವೋ? ಇದಕ್ಕೆ ಉತ್ತರ ಇಟ್ಟುಕೊಂಡು ಬರುವವರು ಕಡಿಮೆ. ಉತ್ತರವಿಲ್ಲದೆ ನೇರ ಗ್ಯಾರೇಜಿಗೆ ಹೋದರೆ ಅಲ್ಲಿ ಊಹೆಯ ಮೇಲೆ ಕೆಲಸ ಶುರುವಾಗುತ್ತದೆ, ಊಹೆಯ ಬಿಲ್ಲನ್ನು ನೀವು ಕಟ್ಟುತ್ತೀರಿ. ಕಾಯಿಲೆಯ ಅರ್ಧ ಪರೀಕ್ಷೆ ಡ್ರೈವರ್ ಸೀಟಿನಲ್ಲೇ ಕೂತು ಮಾಡಬಹುದು. ಅದು ಹೇಗೆ ಅನ್ನುವುದೇ ಈ ಲೇಖನ.

ಮೊದಲು ನಿಮ್ಮ ಗಾಡಿಯಲ್ಲಿರುವುದು ಯಾವ ಆಟೋಮ್ಯಾಟಿಕ್ ಎಂದು ತಿಳಿದುಕೊಳ್ಳಿ. ಆಟೋಮ್ಯಾಟಿಕ್ ಅನ್ನುವ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳು ಓಡಾಡುತ್ತಿವೆ. ಒಂದಕ್ಕೆ ಕಾಯಿಲೆಯಾದದ್ದು ಇನ್ನೊಂದಕ್ಕೆ ಸಹಜ ಗುಣ.

ಮೊದಲನೆಯದು ಎ.ಎಂ.ಟಿ. ಇದು ಮಾಮೂಲಿ ಮ್ಯಾನುಯಲ್ ಗೇರ್ ಬಾಕ್ಸೇ. ಕ್ಲಚ್ಚೂ ಉಂಟು, ಗೇರೂ ಉಂಟು. ಆದರೆ ಕ್ಲಚ್ ಒತ್ತುವುದನ್ನೂ ಗೇರ್ ಹಾಕುವುದನ್ನೂ ನಿಮ್ಮ ಬದಲು ಆಕ್ಚುಯೇಟರ್ ಎಂಬ ಪುಟ್ಟ ಸಾಧನ ಮಾಡುತ್ತದೆ. ಟ್ರೈಬರಿನಲ್ಲಿ ಇರುವುದು ಇದು. ಗೇರ್ ಬದಲಾಗುವಾಗ ಒಂದು ಕ್ಷಣ ಎಂಜಿನ್ನಿನ ಎಳೆತ ನಿಲ್ಲುತ್ತದೆ, ಕೂತವರ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತದೆ. ಇದು ಹುಟ್ಟುಗುಣ, ರಿಪೇರಿಯಿಂದ ಹೋಗುವುದಿಲ್ಲ. ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರಿನ ಮೇಲಿನ ಕಾಲನ್ನು ತುಸು ಸಡಿಲಿಸಿದರೆ ತಲೆಯಾಟ ಅರ್ಧ ಕಡಿಮೆಯಾಗುತ್ತದೆ. ಮೊದಲು ಚೆನ್ನಾಗಿದ್ದು ಈಗೀಗ ಹೊರಡುವಾಗ ನಡುಗುತ್ತಿದ್ದರೆ ಮಾತ್ರ ಕ್ಲಚ್ ಪ್ಲೇಟ್ ಸವೆದಿರಬಹುದು.

ಎರಡನೆಯದು ಟಾರ್ಕ್ ಕನ್ವರ್ಟರ್. ಹಳೆಯ, ನಂಬಿಕಸ್ಥ ಜಾತಿ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 1939ರ ಕೊನೆಗೆ ಬಂದ ಹೈಡ್ರಾಮ್ಯಾಟಿಕ್ ಈ ವಂಶದ ಹಿರಿಯಜ್ಜ. ಎರ್ಟಿಗಾದ ಆಟೋಮ್ಯಾಟಿಕ್ 2022ರ ತನಕ 4 ಗೇರಿನದು, ಆಮೇಲೆ 6 ಗೇರಿನದು. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್ ಕೂಡ 6 ಗೇರಿನದು. ಕಾರೆನ್ಸ್ ಡೀಸೆಲ್ಲಿನಲ್ಲೂ ಇದೇ ಜಾತಿ.

ಮೂರನೆಯದು ಸಿ.ವಿ.ಟಿ. ಹಿಟ್ಟಿನ ಗಿರಣಿಯಲ್ಲಿ ಎರಡು ಚಕ್ರಗಳ ನಡುವೆ ಬೆಲ್ಟ್ ಓಡುವುದನ್ನು ನೋಡಿದ್ದೀರಲ್ಲ? ಆ ಚಕ್ರಗಳು ಓಡುತ್ತಿರುವಾಗಲೇ ತಮ್ಮ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಿಕೊಂಡರೆ ಹೇಗಿರುತ್ತದೆ, ಹಾಗೆ. ಇದರಲ್ಲಿ ಒಂದು, ಎರಡು, ಮೂರು ಎಂಬ ಮೆಟ್ಟಿಲುಗಳೇ ಇಲ್ಲ. ಇನ್ನೋವಾ ಹೈಕ್ರಾಸಿನ ಹೈಬ್ರಿಡ್ ಅಲ್ಲದ ಪೆಟ್ರೋಲ್ ಗಾಡಿಯಲ್ಲಿ ಇದಿದೆ. ಸಿ.ವಿ.ಟಿ. ಜರ್ಕ್ ಹೊಡೆದರೆ ಸಹಜ ಎಂದು ಬಿಡಬೇಡಿ, ತೋರಿಸಿ. ಹೈಬ್ರಿಡ್‌ನದು ಇನ್ನೂ ಬೇರೆ ಕಥೆ. ಅದರಲ್ಲಿ ವಿದ್ಯುತ್ ಮೋಟಾರುಗಳು, ಹೈ ವೋಲ್ಟೇಜ್ ತಂತಿಗಳು ಇರುವುದರಿಂದ ಹೊರಗಿನ ಕೈ ಬೇಡವೇ ಬೇಡ.

ನಾಲ್ಕನೆಯದು ಡಿ.ಸಿ.ಟಿ., ಎರಡು ಕ್ಲಚ್ಚಿನದು. ಒಂದು ಕ್ಲಚ್ಚಿಗೆ 1, 3, 5, 7ನೇ ಗೇರು, ಇನ್ನೊಂದಕ್ಕೆ 2, 4, 6. ಒಂದು ಕೆಲಸ ಮಾಡುವಾಗ ಇನ್ನೊಂದು ಮುಂದಿನ ಗೇರು ಹಿಡಿದು ಕಾದಿರುತ್ತದೆ. ಕಾರೆನ್ಸ್ ಟರ್ಬೊ ಪೆಟ್ರೋಲಿನಲ್ಲಿ ಸಿಗುತ್ತದೆ. ಖಾಲಿ ರಸ್ತೆಯಲ್ಲಿ ಬೆಣ್ಣೆಯ ಹಾಗೆ. ಆದರೆ ಹಲವು ಡಿ.ಸಿ.ಟಿ.ಗಳಲ್ಲಿ ಕ್ಲಚ್ ಒಣದು, ತಂಪಾಗಿಸಲು ಎಣ್ಣೆ ಇಲ್ಲ. ಜಾತ್ರೆಯ ಸಾಲಿನಲ್ಲಿ ಏರಿನ ಮೇಲೆ ಇಂಚಿಂಚು ತೆವಳಿದರೆ ಕಾಯುತ್ತದೆ, ನಡುಗುತ್ತದೆ. ಮುಂದಿನ ಗಾಡಿಗೂ ನಿಮಗೂ ಹತ್ತಡಿ ಜಾಗವಾಗುವ ತನಕ ಬ್ರೇಕ್ ಹಿಡಿದು ನಿಂತು, ಆಮೇಲೆ ಒಂದೇ ಸಲ ಮುಂದೆ ಹೋಗುವುದು ಅದಕ್ಕೆ ಮದ್ದು.

ಇಲ್ಲಿಂದ ಮುಂದೆ ಹೆಚ್ಚಾಗಿ ಟಾರ್ಕ್ ಕನ್ವರ್ಟರಿನ ಬಗ್ಗೆ ಹೇಳುತ್ತೇನೆ. ನಮ್ಮ ಕಡೆಯ ದೊಡ್ಡ ಸಂಸಾರದ ಗಾಡಿಗಳಲ್ಲಿ ಅದೇ ಜಾಸ್ತಿ, ಪ್ರಶ್ನೆಗಳೂ ಅದರದೇ ಜಾಸ್ತಿ.

ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಡಿ. ಒಂದನ್ನು ಆನ್ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಟಾರ್ಕ್ ಕನ್ವರ್ಟರ್ ಅಂದರೆ ಇಷ್ಟೇ, ಗಾಳಿಯ ಬದಲು ಎಣ್ಣೆ. ಎಂಜಿನ್ ಒಂದು ಫ್ಯಾನನ್ನು ತಿರುಗಿಸುತ್ತದೆ, ಎಣ್ಣೆಯ ಹೊಡೆತಕ್ಕೆ ಎದುರಿನದು ತಿರುಗಿ ಗೇರ್ ಬಾಕ್ಸಿಗೆ ಬಲ ಕೊಡುತ್ತದೆ. ಬ್ರೇಕ್ ಹಿಡಿದು ನಿಂತಾಗ ಎಂಜಿನ್ ಆಫ್ ಆಗದಿರುವುದು ಇದರಿಂದಲೇ. ವೇಗ ಹಿಡಿದ ಮೇಲೆ ಎಣ್ಣೆಯ ಜಾರಾಟದಲ್ಲಿ ಶಕ್ತಿ ಪೋಲಾಗಬಾರದು ಎಂದು ಒಳಗಿನ ಒಂದು ಕ್ಲಚ್ ಎರಡೂ ಫ್ಯಾನ್‌ಗಳನ್ನು ಬಿಗಿಯಾಗಿ ಕಚ್ಚಿಸುತ್ತದೆ. ಇದಕ್ಕೆ ಲಾಕ್‌ಅಪ್ ಕ್ಲಚ್ ಎಂದು ಹೆಸರು. ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅದರ ಹಿಂದೆ ಹಲ್ಲಿನ ಚಕ್ರಗಳು, ಅವನ್ನು ಹಿಡಿದು ಬಿಡುವ ಕ್ಲಚ್ ಪ್ಲೇಟುಗಳ ಕಟ್ಟುಗಳು. ಗೇರ್ ಬದಲಾಗುವುದು ಅಂದರೆ ಒಂದು ಕಟ್ಟು ಕೈಬಿಡುವ ಹೊತ್ತಿಗೆ ಸರಿಯಾಗಿ ಇನ್ನೊಂದು ಕಟ್ಟು ಹಿಡಿದುಕೊಳ್ಳುವುದು. ತುಂಬಿದ ಕೊಡವನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡ ಹಾಗೆ. ಒಬ್ಬರು ಬೇಗ ಬಿಟ್ಟರೆ ಕೊಡ ಜಾರುತ್ತದೆ: ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಇನ್ನೊಬ್ಬರು ಬೇಗ ಹಿಡಿದರೆ ಎಳೆದಾಟ: ಅದೇ ಜರ್ಕ್. ಈ ಹಿಡಿಯುವ, ಬಿಡುವ ಬಲವೆಲ್ಲ ಎಣ್ಣೆಯ ಒತ್ತಡದ್ದು, ಜೆ.ಸಿ.ಬಿ.ಯ ತೋಳು ಎದ್ದು ಬೀಳುವ ರೀತಿ. ಎಣ್ಣೆ ಯಾವ ಕಾಲುವೆಗೆ ಹೋಗಬೇಕು ಎಂದು ತಿರುಗಿಸುವ ಲೋಹದ ತಟ್ಟೆಗೆ ವಾಲ್ವ್ ಬಾಡಿ ಎನ್ನುತ್ತಾರೆ. ಅದರ ತೂಬುಗಳನ್ನು ತೆಗೆದು ಮುಚ್ಚುವ ಪುಟ್ಟ ವಿದ್ಯುತ್ ಸಾಧನ ಸೋಲೆನಾಯ್ಡ್. ಎಲ್ಲಕ್ಕೂ ಯಜಮಾನ ಒಂದು ಕಂಪ್ಯೂಟರ್. ಅದು ನಿಮ್ಮ ಕಾಲಿನ ಒತ್ತು, ಗಾಡಿಯ ವೇಗ, ಎಂಜಿನ್ನಿನ ಬಲ, ಎಣ್ಣೆಯ ಬಿಸಿ ಎಲ್ಲ ನೋಡಿ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಮಾಡುತ್ತದೆ.

ಹೀಗಾಗಿ ಜರ್ಕ್ ಬರಲು ಗೇರ್ ಬಾಕ್ಸೇ ಕೆಡಬೇಕಿಲ್ಲ. ಕಂಪ್ಯೂಟರಿಗೆ ತಪ್ಪು ಸುದ್ದಿ ಸಿಕ್ಕರೂ ಸಾಕು, ಎಣ್ಣೆ ಸೊರಗಿದ್ದರೂ ಸಾಕು.

ಈಗ ಡ್ರೈವರ್ ಸೀಟಿಗೆ ಬನ್ನಿ. ಒಂದು ವಾರ ಜರ್ಕ್ ಬಂದಾಗಲೆಲ್ಲ ಪಕ್ಕದಲ್ಲಿ ಕೂತವರ ಕೈಯಲ್ಲಿ ಬರೆಸಿ: ತಣ್ಣಗಿತ್ತೇ ಬಿಸಿಯಿತ್ತೇ, ವೇಗ ಎಷ್ಟು, ಆರ್.ಪಿ.ಎಂ. ಮುಳ್ಳು ಎಲ್ಲಿತ್ತು, ಕಾಲು ಆಕ್ಸಿಲರೇಟರ್ ಮೇಲಿತ್ತೇ ಬ್ರೇಕ್ ಮೇಲಿತ್ತೇ. ವಾರದ ಕೊನೆಗೆ ಒಂದು ರೂಪ ಕಾಣಿಸುತ್ತದೆ.

ಬೆಳಿಗ್ಗೆ ಮೊದಲ ಎರಡು ಮೂರು ಕಿಲೋಮೀಟರ್ ಮಾತ್ರ ತುಸು ಗಡುಸಾಗಿ ಗೇರ್ ಬಿದ್ದು ಆಮೇಲೆ ಸರಿಹೋದರೆ ಹೆಚ್ಚು ಯೋಚಿಸಬೇಡಿ. ಎಣ್ಣೆ ತಣ್ಣಗಿರುತ್ತದೆ, ಎಂಜಿನ್ನಿನ ಐಡ್ಲಿಂಗ್ ಮೇಲಿರುತ್ತದೆ. ಆದರೆ ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಏನೂ ಆಗದೆ, ಆಮೇಲೆ ಧಡ್ ಎಂದು ಹಿಡಿದರೆ ಎಣ್ಣೆ ಕಡಿಮೆಯಾಗಿರಬಹುದು ಅಥವಾ ಒಳಗಿನ ರಬ್ಬರ್ ಸೀಲುಗಳು ಬಿರುಸಾಗಿರಬಹುದು. ಇದನ್ನು ಮುಂದೂಡಬೇಡಿ.

50ರಿಂದ 80ರ ವೇಗದಲ್ಲಿ, ಕಾಲು ಹಗುರವಾಗಿ ಇಟ್ಟುಕೊಂಡು ಸಮನಾಗಿ ಹೋಗುವಾಗ ಗಾಡಿ ನಡುಗುತ್ತದೆಯೇ? ರಸ್ತೆಯ ಬಿಳಿಪಟ್ಟಿಯ ಉಬ್ಬುಗಳ ಮೇಲೆ ಹೋದಂತೆ ಗುರ್‍ರ್ ಎಂದು ಎರಡು ಸೆಕೆಂಡ್ ನಡುಗಿ ನಿಲ್ಲುತ್ತದೆಯೇ? ಅಲ್ಲಿ ಆ ಲಾಕ್‌ಅಪ್ ಕ್ಲಚ್ ನೆನಪಿಸಿಕೊಳ್ಳಿ. ಅದು ಕಚ್ಚಿಕೊಳ್ಳಲು ಹೋಗಿ ಜಾರುತ್ತಿರಬಹುದು. ಎಂಜಿನ್ನಿನ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ, ಅಂದರೆ ಮಿಸ್‌ಫೈರ್ ಆದರೂ, ಹೀಗೇ ನಡುಗುತ್ತದೆ. ಎರಡನ್ನೂ ಬೇರೆ ಮಾಡಲು ಒಂದು ಉಪಾಯವಿದೆ. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ನಡುಕ ಬಂದ ಕ್ಷಣ ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕ್ ಪೆಡಲನ್ನು ಎಡಗಾಲಿನಿಂದ ಹಿಂದಿನ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಸ್ವಿಚ್ ತಾಗಿದೊಡನೆ ಲಾಕ್‌ಅಪ್ ಬಿಟ್ಟುಕೊಳ್ಳುತ್ತದೆ. ನಡುಕ ತಟ್ಟನೆ ನಿಂತರೆ ಅನುಮಾನ ಲಾಕ್‌ಅಪ್ ಮೇಲೆ. ನಿಲ್ಲದಿದ್ದರೆ ಪ್ಲಗ್ಗು, ಇಗ್ನಿಷನ್ ಕಾಯಿಲ್ ನೋಡಿಸಿ. ಎಡಗಾಲಿಗೆ ಬ್ರೇಕಿನ ಅಳತೆ ಗೊತ್ತಿರುವುದಿಲ್ಲ, ಜೋರಾಗಿ ಒತ್ತಿಬಿಟ್ಟರೆ ಹಿಂದಿನ ಸೀಟಿನವರು ಮುಂದಿನ ಸೀಟಿಗೆ ಬರುತ್ತಾರೆ. ಒಬ್ಬರೇ ಇದ್ದಾಗ, ನಿಧಾನಕ್ಕೆ ಮಾಡಿ. ಧೈರ್ಯವಿಲ್ಲದಿದ್ದರೆ ಮೆಕ್ಯಾನಿಕ್ಕಿಗೆ ಬಿಡಿ.

ಎಂಜಿನ್ ಮಾತ್ರ ಕೂಗಿಕೊಂಡು ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟುಗಳು ಜಾರುತ್ತಿವೆ. ಇದೊಂದು ಲಕ್ಷಣಕ್ಕೆ ಮನೆಮದ್ದಿಲ್ಲ. ಓಡಿಸಿದಷ್ಟೂ ಸುಡುತ್ತದೆ, ಸುಟ್ಟಷ್ಟೂ ಬಿಲ್ಲು ಬೆಳೆಯುತ್ತದೆ. ಇನ್ನು ಗಾಡಿ ಒಂದೇ ಗೇರಿನಲ್ಲಿ ನಿಂತು ಬೇರೆ ಗೇರಿಗೆ ಬೀಳುವುದೇ ಇಲ್ಲ, ಮುಂದೆ ದೀಪ ಹೊತ್ತಿದೆ ಅಂದರೆ ಅದು ಲಿಂಪ್ ಮೋಡ್, ಕುಂಟು ನಡಿಗೆ. ಕಂಪ್ಯೂಟರ್ ಏನೋ ತಪ್ಪು ಕಂಡು, ಇನ್ನಷ್ಟು ಹಾಳಾಗದಿರಲಿ ಎಂದು ತಾನೇ ಕೈಕಟ್ಟಿ ಕೂತಿರುತ್ತದೆ. ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗಬಹುದು. ಸರಿಹೋಯಿತೆಂದು ಮರೆಯಬೇಡಿ, ಅದು ಹೇಳಬೇಕಾದ್ದನ್ನು ಹೇಳಿಯಾಗಿದೆ.

ನಿಲ್ಲುವಾಗ ಮಾತ್ರ ಒದೆಯುವ ಗಾಡಿಯೊಂದರ ಕಥೆ ಹೇಳುತ್ತೇನೆ. ನಮ್ಮ ಬೀದಿಯವರೊಬ್ಬರು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಂದರು. ಸಿಗ್ನಲ್ಲಿನಲ್ಲಿ, ಹಂಪಿನಲ್ಲಿ ನಿಲ್ಲಿಸುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ. ರಿವರ್ಸಿಗೆ ಹಾಕಿದರೆ ಧಡ್. ಅವರ ಅತ್ತೆ, "ಈ ಗಾಡಿಗಿಂತ ಎತ್ತಿನ ಗಾಡೀನೆ ವಾಸಿ ಕನಪ್ಪ" ಅಂದುಬಿಟ್ಟರು. ನಗರದ ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಬಿಚ್ಚಬೇಕು, ಲಕ್ಷದ ಮೇಲಾಗುತ್ತದೆ ಅಂದರು. ಇವರು ಗಾಬರಿಯಾಗಿ ವಾಪಸ್ ಬಂದು ಪರಿಚಯದ ಮೇಸ್ತ್ರಿಗೆ ತೋರಿಸಿದರು. ಆತ ಬಾನೆಟ್ ತೆಗೆಸಿ, ಇವರನ್ನು ಬ್ರೇಕ್ ಗಟ್ಟಿಯಾಗಿ ಹಿಡಿದು ಕೂರಿಸಿ, ಡಿ, ಆರ್, ಡಿ, ಆರ್ ಎಂದು ಬದಲಾಯಿಸಲು ಹೇಳಿ ಪಕ್ಕಕ್ಕೆ ನಿಂತು ನೋಡಿದ. ಎಂಜಿನ್ ಇಡಿಯಾಗಿ ಒಂದು ಕಡೆಗೆ ಎದ್ದು ಬೀಳುತ್ತಿತ್ತು. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ರಬ್ಬರಿನ ಮೌಂಟಿಂಗ್ ಹರಿದಿತ್ತು. ಅದನ್ನು ಹಾಕಿದ ಮೇಲೆ ಗೇರ್ ಬಾಕ್ಸಿನ ಕಾಯಿಲೆ ಮಾಯ. ಈ ಪರೀಕ್ಷೆ ನೀವೂ ಮಾಡಬಹುದು. ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ಕಾಲು ಬ್ರೇಕಿನ ಮೇಲೆ. ನೋಡುವವರು ಪಕ್ಕಕ್ಕೆ ನಿಲ್ಲಬೇಕು, ಗಾಡಿಯ ಮುಂದೆ ಯಾರೂ ಇರಕೂಡದು.

ಗೇರ್ ಬಾಕ್ಸಿನ ಹೊರಗಿದ್ದುಕೊಂಡೇ ಅದರ ಹೆಸರು ಕೆಡಿಸುವವು ಇನ್ನೂ ಇವೆ. ಥ್ರಾಟಲ್ ಬಾಡಿ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಮಸಿ ಹಿಡಿದಿದ್ದರೆ ಹೊರಡುವಾಗ ಜರ್ಕ್ ಬರುತ್ತದೆ. ಬ್ಯಾಟರಿ ಸೊರಗಿದ್ದರೆ ಸೋಲೆನಾಯ್ಡುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮರುದಿನದಿಂದ ಜರ್ಕ್ ಶುರುವಾದರೆ ಅದಕ್ಕೂ ಕಾರಣವಿದೆ: ಕಂಪ್ಯೂಟರ್ ಇಷ್ಟು ದಿನ ನಿಮ್ಮ ಕಾಲಿನ ಗುಣ, ಪ್ಲೇಟಿನ ಸವೆತ ನೋಡಿ ಕಲಿತಿದ್ದನ್ನು ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದಾಗ ಮರೆತುಬಿಡುತ್ತದೆ. ಕೆಲವು ದಿನ ನಿಧಾನವಾಗಿ ಓಡಿಸಿದರೆ ಮತ್ತೆ ಕಲಿಯುತ್ತದೆ. ಇಲ್ಲದಿದ್ದರೆ ಸ್ಕ್ಯಾನರ್ ಹಾಕಿ ಹೊಸದಾಗಿ ಕಲಿಸಬೇಕು. ಹಳ್ಳಿಯಲ್ಲಿ ಇನ್ನೊಬ್ಬ ಶತ್ರು ಇದ್ದಾನೆ. ಹುಲ್ಲಿನ ಮೆದೆ ಪಕ್ಕದಲ್ಲೋ ಜೋಳದ ಚೀಲ ಇಟ್ಟ ಕೊಟ್ಟಿಗೆಯಲ್ಲೋ ಗಾಡಿ ನಿಲ್ಲಿಸುವವರು ಬಾನೆಟ್ ಎತ್ತಿ ಇಲಿ ವೈರ್ ಕಡಿದಿದೆಯೇ ನೋಡಿ. ಗೇರ್ ಬಾಕ್ಸಿನ ಸೆನ್ಸಾರ್ ವೈರು ಒಂದು ತುಂಡಾದರೂ ಗಾಡಿ ಕುಂಟು ನಡಿಗೆಗೆ ಬೀಳುತ್ತದೆ.

ಇಷ್ಟೂ ಸರಿಯಿದ್ದರೆ ಆಗ ಎಣ್ಣೆಯ ಸರದಿ. ಇದನ್ನು ಎ.ಟಿ.ಎಫ್. ಎನ್ನುತ್ತಾರೆ, ಆಟೋಮ್ಯಾಟಿಕ್ ಗೇರ್ ಬಾಕ್ಸಿನ ದ್ರವ. ಇದು ಬರೀ ಜಾರುವಂತೆ ಮಾಡುವ ಎಣ್ಣೆಯಲ್ಲ. ಪ್ಲೇಟುಗಳನ್ನು ಒತ್ತುವ ಕೈಯೂ ಇದೇ, ಬಿಸಿ ಹೊತ್ತೊಯ್ಯುವ ನೀರೂ ಇದೇ. ಸಾಮಾನ್ಯವಾಗಿ ಹೊಸದು ಕೆಂಪಗೆ, ಪಾರದರ್ಶಕವಾಗಿರುತ್ತದೆ. ಓಡಿದಷ್ಟೂ ಕಂದು ತಿರುಗುತ್ತದೆ, ಅದು ವಯಸ್ಸು. ಕಪ್ಪಗಾಗಿ ಸೀದ ವಾಸನೆ ಬಂದರೆ ಪ್ಲೇಟು ಸುಟ್ಟಿದೆ. ಹಾಲು ಬೆರೆಸಿದ ಹಾಗೆ ಮಸುಕಾಗಿದ್ದರೆ ನೀರು ಸೇರಿದೆ, ರೇಡಿಯೇಟರಿನ ಕೂಲರ್ ತೂತಾಗಿರಬಹುದು, ಆಗ ಗಾಡಿ ಓಡಿಸಲೇಬಾರದು. ಒಂದೆರಡು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿ ಉಜ್ಜಿ. ಕಣ್ಣಿಗೆ ಕಂಡೂ ಕಾಣದ ಬೂದುಪುಡಿ ಇದ್ದರೆ ಅದು ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಇದ್ದರೆ ಒಳಗೆ ಏನೋ ಮುರಿದಿದೆ.

"ನಾನೇ ಬಾನೆಟ್ ತೆಗೆದು ನೋಡ್ತೀನಿ" ಅನ್ನುವವರಿಗೆ ಒಂದು ಮಾತು. ಈಚಿನ ಹೆಚ್ಚಿನ ಗಾಡಿಗಳಲ್ಲಿ ಗೇರ್ ಬಾಕ್ಸಿನ ಎಣ್ಣೆಗೆ ಅಳತೆ ಕಡ್ಡಿಯೇ ಇಲ್ಲ. ಗಾಡಿಯನ್ನು ಸಮವಾಗಿ ಮೇಲೆತ್ತಿ, ಎಂಜಿನ್ ಓಡುತ್ತಿರುವಾಗ, ಎಣ್ಣೆ ಕಂಪನಿ ಹೇಳಿದಷ್ಟೇ ಬಿಸಿಯಿದ್ದಾಗ ಒಂದು ಬೋಲ್ಟ್ ತೆಗೆದು ತೊಟ್ಟಿಕ್ಕುವುದನ್ನು ನೋಡಿ ಅಳೆಯಬೇಕು. ಬಿಸಿ ನೋಡದೆ ಅಳೆದರೆ ಹೆಚ್ಚೋ ಕಡಿಮೆಯೋ ಆಗುತ್ತದೆ, ಎರಡೂ ಜರ್ಕಿಗೆ ದಾರಿ. ನಿಮ್ಮ ಮೆಕ್ಯಾನಿಕ್ ಎಣ್ಣೆಯ ಬಿಸಿಯನ್ನು ಯಾವುದರಿಂದ ನೋಡುತ್ತಾನೆ ಎಂದು ಕೇಳಿ. ಉತ್ತರದಲ್ಲೇ ಅವನಿಗೆ ಆಟೋಮ್ಯಾಟಿಕ್ ಗೊತ್ತೋ ಇಲ್ಲವೋ ತಿಳಿಯುತ್ತದೆ.

ಯಾವ ಎಣ್ಣೆ ಅನ್ನುವುದರಲ್ಲಿ ರಾಜಿ ಬೇಡ. ಅಮೆರಿಕದಲ್ಲಿರುವ ನಮ್ಮ ನಂಟರು ಮಿನಿವ್ಯಾನ್ ಎನ್ನುವುದು ಇದೇ ಸಂಸಾರದ ಗಾಡಿಗಳನ್ನು. ಅಲ್ಲಿ ಕ್ರೈಸ್ಲರ್ ಕಂಪನಿ 1989ರ ಮಾದರಿಯ ಮಿನಿವ್ಯಾನುಗಳಲ್ಲಿ ಅಲ್ಟ್ರಾಡ್ರೈವ್ ಎಂಬ 4 ಗೇರಿನ, ಕಂಪ್ಯೂಟರ್ ನಡೆಸುವ ಗೇರ್ ಬಾಕ್ಸ್ ಹಾಕಿತು. ಆ ಕಾಲಕ್ಕೆ ಹೊಸ ಜಾಣತನ. ಆದರೆ ಅದು ಕೆಟ್ಟ ಹೆಸರನ್ನೂ ಬೇಗ ಗಳಿಸಿತು. ಕಾರಣಗಳಲ್ಲಿ ಒಂದು ಎಣ್ಣೆ. ಕಂಪನಿಯದೇ ಎಣ್ಣೆ ಸಿಗದಿದ್ದರೆ ಡೆಕ್ಸ್‌ರಾನ್ ಎಂಬ ಮಾಮೂಲಿ ಎಣ್ಣೆ ಹಾಕಬಹುದು ಎಂದು ಆಗ ಹೇಳಿದ್ದರು, ಹಾಕಿದವರ ಗೇರ್ ಬಾಕ್ಸ್ ನಡುಗಿತು. ಎಣ್ಣೆಯಲ್ಲದೆ ಬಿಸಿಯಿಂದಲೂ ಹಾಳಾದದ್ದುಂಟು. 2004ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಒಡಿಸ್ಸಿ ಮಿನಿವ್ಯಾನ್ ಸೇರಿ 10 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಎರಡನೇ ಗೇರಿನ ಚಕ್ರ ವಿಪರೀತ ಕಾಯುವುದೇ ಅಲ್ಲಿನ ತೊಂದರೆ. ದೊಡ್ಡ ದೊಡ್ಡ ಕಂಪನಿಗಳಿಗೇ ಎಣ್ಣೆ, ಬಿಸಿ ಇಷ್ಟು ಪಾಠ ಕಲಿಸಿವೆ. "ಇದೂ ಅದೇ ಸಾರ್, ಎಲ್ಲಾದಕ್ಕೂ ಆಯ್ತದೆ" ಅನ್ನುವ ಡಬ್ಬವನ್ನು ಒಪ್ಪಬೇಡಿ. ಸಿ.ವಿ.ಟಿ.ಯ ಎಣ್ಣೆ ಬೇರೆ, ಎ.ಟಿ.ಎಫ್. ಬೇರೆ. ಗಾಡಿಯ ಪುಸ್ತಕದಲ್ಲಿ ಬರೆದಿರುವ ಹೆಸರು ಡಬ್ಬದ ಮೇಲೂ ಇರಬೇಕು.

"ಲೈಫ್‌ಟೈಮ್ ಎಣ್ಣೆ, ಬದಲಾಯಿಸೋದೇ ಬೇಡ" ಎಂದು ಕೆಲವರು ಹೇಳುತ್ತಾರೆ. ಪುಸ್ತಕದಲ್ಲಿ ಬೆಟ್ಟದ ರಸ್ತೆ, ಧೂಳು, ಹೆಚ್ಚು ಹೊರೆಗೆ ಬೇರೆ ಲೆಕ್ಕ ಇದೆಯೇ ನೋಡಿ. ನಮ್ಮ ಗಾಡಿಗಳಿಗೆ ಆ ಲೆಕ್ಕವೇ ಸರಿ. ನಾನಂತೂ 60,000 ಕಿಲೋಮೀಟರಿಗೆ ಬದಲಾಯಿಸುತ್ತೇನೆ. ಕೆಳಗಿನ ಬೋಲ್ಟ್ ತೆಗೆದರೆ ಎಲ್ಲ ಎಣ್ಣೆಯೂ ಇಳಿಯುವುದಿಲ್ಲ, ದೊಡ್ಡ ಪಾಲು ಕನ್ವರ್ಟರಿನೊಳಗೇ ಉಳಿಯುತ್ತದೆ. ಅದಕ್ಕೇ ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಇಳಿಸಿ ತುಂಬುವುದು ಒಳ್ಳೆಯದು. ಲಾಕ್‌ಅಪ್ ನಡುಕ ಹೊಸದಾಗಿ ಶುರುವಾಗಿದ್ದರೆ ಬರೀ ಇಷ್ಟಕ್ಕೇ ನಿಂತುಹೋದ ಉದಾಹರಣೆಗಳನ್ನು ನೋಡಿದ್ದೇನೆ. ವರ್ಷಾನುಗಟ್ಟಲೆ ಮುಟ್ಟದ ಗಾಡಿಗೆ ಯಂತ್ರದಿಂದ ಒತ್ತಡ ಕೊಟ್ಟು ತೊಳೆಯುವುದು ಮಾತ್ರ ಬೇಡ. ಮೂಲೆಯಲ್ಲಿ ತೆಪ್ಪಗೆ ಕೂತಿದ್ದ ಕಸ ಎದ್ದು ವಾಲ್ವ್ ಬಾಡಿಯ ಸಂದಿಗೆ ಸೇರಿಕೊಳ್ಳಬಹುದು.

ಆಮೇಲೆ ಸ್ಕ್ಯಾನಿಂಗ್. ಸ್ಟೀರಿಂಗ್ ಕೆಳಗೆ ಒ.ಬಿ.ಡಿ. ಎಂಬ ಸಾಕೆಟ್ ಇರುತ್ತದೆ, ಗಾಡಿಯ ಕಂಪ್ಯೂಟರಿನ ಬಾಯಿ. ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಬ್ಲೂಟೂತ್ ಅಡಾಪ್ಟರ್ 500ರಿಂದ 1,500 ರೂಪಾಯಿಯೊಳಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಅಗ್ಗದ್ದು ಎಂಜಿನ್ನಿನ ಕೋಡ್ ಓದುತ್ತದೆ, ಗೇರ್ ಬಾಕ್ಸಿನ ಒಳಸುದ್ದಿ ಎಲ್ಲ ಗಾಡಿಯಲ್ಲೂ ಸಿಗುವುದಿಲ್ಲ. ಕೋಡ್ ಅಂದರೆ ಒಂದು ಅಕ್ಷರ, ನಾಲ್ಕು ಅಂಕಿ. ಪಿ 0300 ಎಂದರೆ ಎಂಜಿನ್ ಮಿಸ್‌ಫೈರ್, ಗೇರ್ ಬಾಕ್ಸ್ ಬಿಚ್ಚುವ ಮಾತೇ ಇಲ್ಲ. ಪಿ 0700 ಎಂದರೆ ಗೇರ್ ಬಾಕ್ಸಿನ ಕಂಪ್ಯೂಟರ್ ಏನೋ ದೂರು ದಾಖಲಿಸಿದೆ, ಒಳಗೆ ನೋಡಿ ಎಂಬ ಚೀಟಿ ಅಷ್ಟೇ. ಪಿ 0741 ಲಾಕ್‌ಅಪ್ ಸರಿಯಾಗಿ ಕಚ್ಚುತ್ತಿಲ್ಲ ಎಂದು. ಪಿ 0218 ಎಣ್ಣೆ ವಿಪರೀತ ಕಾದಿತ್ತು ಎಂದು. ಕೋಡ್ ಹೇಳಿದ ಬಿಡಿಭಾಗವನ್ನು ಕಣ್ಣುಮುಚ್ಚಿ ಬದಲಾಯಿಸಬೇಡಿ. ಸೋಲೆನಾಯ್ಡಿನ ಕೋಡ್ ಬಂದಾಗ ಸೋಲೆನಾಯ್ಡೇ ಕೆಟ್ಟಿರಬಹುದು, ಅದಕ್ಕೆ ಹೋಗುವ ವೈರನ್ನು ಇಲಿ ಕಡಿದಿರಲೂಬಹುದು. ಇನ್ನೊಂದು ಮಾತು: ಗ್ಯಾರೇಜಿನವರು ಕೋಡ್ ಅಳಿಸುವ ಮೊದಲು ಅದರ ಫೋಟೊ ತೆಗೆದುಕೊಳ್ಳಿ.

ಬೆಟ್ಟದಲ್ಲಿ ಮಾತ್ರ ಬರುವ ತೊಂದರೆಯನ್ನು ಬೇರೆಯಾಗಿ ನೋಡಬೇಕು. ತಾಳಬೆಟ್ಟದಿಂದ ಮೇಲಿನ ತಿರುವುಗಳಲ್ಲಿ, ಯಳಂದೂರು ಕಡೆಯಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವಾಗ, ಸತ್ಯಮಂಗಲದ ದಾರಿಯ ದಿಂಬಂ ಘಾಟಿನ 27 ತಿರುವುಗಳಲ್ಲಿ ಡಿಯಲ್ಲೇ ಬಿಟ್ಟರೆ ಗಾಡಿ ಎರಡು, ಮೂರು, ಎರಡು, ಮೂರು ಎಂದು ಒದ್ದಾಡುತ್ತದೆ. ಇದು ಕಾಯಿಲೆಯಲ್ಲ. ತಿರುವಿನಲ್ಲಿ ಕಾಲು ಸಡಿಲಿಸಿದೊಡನೆ ಅದು ಮೇಲಿನ ಗೇರಿಗೆ ಹೋಗುತ್ತದೆ, ಮತ್ತೆ ಒತ್ತಿದರೆ ಇಳಿಯುತ್ತದೆ. ಮ್ಯಾನುಯಲ್ ಮೋಡಿಗೋ, ಎಲ್ ಅಥವಾ 2 ಎಂದು ಬರೆದಿರುವ ಜಾಗಕ್ಕೋ ಹಾಕಿ ಎರಡನೇ ಗೇರನ್ನು ಹಿಡಿಸಿ. ಇಳಿಯುವಾಗಲೂ ಅಷ್ಟೇ, ಹತ್ತಿದ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್ ಮಾಡಿ ಜಾರಿಸುವ ಹಳೆಯ ಚಟ ಇದ್ದರೆ ಇಂದೇ ಬಿಡಿ. ಬ್ರೇಕ್ ಕಾಯುತ್ತದೆ, ಎಂಜಿನ್ ಹಿಡಿತ ಇರುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ನ್ಯೂಟ್ರಲ್, ಆಮೇಲೆ ಹ್ಯಾಂಡ್ ಬ್ರೇಕ್, ಕಾಲು ಬ್ರೇಕ್ ಬಿಟ್ಟು ಗಾಡಿ ಕೂತ ಮೇಲೆ ಪಿ. ನೇರ ಪಿಗೆ ಹಾಕಿ ಕಾಲು ತೆಗೆದರೆ ಗಾಡಿಯ ಭಾರವೆಲ್ಲ ಗೇರ್ ಬಾಕ್ಸಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ದರ್ಶನ ಮುಗಿಸಿ ಬಂದು ಹೊರಡುವಾಗ "ಧಡಾರ್" ಅನ್ನುವುದು ಅದೇ.

ಖರ್ಚಿನ ಮಾತು. ನಾನು ಕಂಡ ಬಿಲ್ಲುಗಳ ಅಂದಾಜು ಹೇಳುತ್ತೇನೆ, ಗಾಡಿಯಿಂದ ಗಾಡಿಗೆ ವ್ಯತ್ಯಾಸವಿರುತ್ತದೆ. ಸ್ಕ್ಯಾನಿಂಗಿಗೆ ಕೆಲವು ನೂರು ರೂಪಾಯಿ, ಶೋರೂಮಿನಲ್ಲಿ ಸಾವಿರ ದಾಟಬಹುದು. ಪ್ಲಗ್ಗು, ಥ್ರಾಟಲ್ ಬಾಡಿ, ಮೌಂಟಿಂಗ್ ಕೆಲಸಗಳು ಕೆಲವು ಸಾವಿರಗಳಲ್ಲಿ ಮುಗಿಯುತ್ತವೆ. ಎಣ್ಣೆ ಬದಲಾವಣೆ 5,000ದಿಂದ 15,000. ಸೋಲೆನಾಯ್ಡ್, ವಾಲ್ವ್ ಬಾಡಿ ಎಂದರೆ ಹತ್ತಾರು ಸಾವಿರ. ಇಡೀ ಗೇರ್ ಬಾಕ್ಸ್ ಬಿಚ್ಚಿ ಕಟ್ಟುವುದು ಲಕ್ಷದ ಮಾತು. ದುಡಿಮೆಯ ಕೂಲಿಗೆ ಶೇಕಡಾ 18 ಜಿ.ಎಸ್.ಟಿ. ಸೇರುತ್ತದೆ, ಅಂದಾಜು ಕೇಳುವಾಗ ಅದನ್ನೂ ಸೇರಿಸಿ ಹೇಳಿ ಎನ್ನಿ. ವಾರಂಟಿ ಅಥವಾ ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಹೊರಗಿನವರು ಗೇರ್ ಬಾಕ್ಸ್ ಮುಟ್ಟುವುದು ಬೇಡ, ಮುಟ್ಟಿದರೆ ಹಕ್ಕು ಹೋಗಬಹುದು.

ಎಲ್ಲಿ ಮಾಡಿಸುವುದು? ಮೌಂಟಿಂಗ್, ಪ್ಲಗ್ಗು, ಬ್ಯಾಟರಿ, ವೈರಿಂಗ್‌ಗೆ ಕೊಳ್ಳೇಗಾಲದ ಗ್ಯಾರೇಜುಗಳೇ ಸಾಕು. ಎಣ್ಣೆಯನ್ನು ಬಿಸಿ ನೋಡಿ ಅಳೆಯುವ ಸಲಕರಣೆ, ಗೇರ್ ಬಾಕ್ಸಿನ ಒಳಸುದ್ದಿ ಓದುವ ಸ್ಕ್ಯಾನರ್ ಬೇಕೆಂದರೆ ಮೈಸೂರಿನ ಕಂಪನಿ ಸರ್ವಿಸ್ ಸೆಂಟರುಗಳು. ಬಿಚ್ಚಿ ಕಟ್ಟುವ ಕೆಲಸಕ್ಕೆ ಆಟೋಮ್ಯಾಟಿಕ್ ಮಾತ್ರ ಮಾಡುವವರು ಬೆಂಗಳೂರಿನಲ್ಲಿದ್ದಾರೆ. ಬಿಡಿಭಾಗಕ್ಕೆ ಅಲ್ಲಿನ ಜೆ.ಸಿ. ರಸ್ತೆ ಹಳೆಯ ಹೆಸರು. ಕೊಡುವ ಮೊದಲು ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಜರ್ಕ್ ತೋರಿಸಿ, ನೀವು ಬರೆದ ಚೀಟಿ ಕೊಡಿ, ಅಂದಾಜನ್ನು ಬರಹದಲ್ಲಿ ಪಡೆಯಿರಿ, ಬದಲಾಯಿಸಿದ ಹಳೆಯ ಭಾಗ ವಾಪಸ್ ಕೊಡಿ ಎಂದು ಮೊದಲೇ ಹೇಳಿ. ಮೋಸವಾಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಗ್ಯಾರೇಜು ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ದಾರಿಯಲ್ಲೇ ನಿಂತುಬಿಟ್ಟರೆ? ಕಾಡಿನ ರಸ್ತೆಯಲ್ಲಿ ಇಳಿದು ಬಾನೆಟ್ ಕೆಳಗೆ ತಲೆ ಹಾಕಿ ನಿಲ್ಲಬೇಡಿ, ಕುಂಟು ನಡಿಗೆಯಲ್ಲಾದರೂ ಚೆಕ್‌ಪೋಸ್ಟ್ ಅಥವಾ ಊರು ಸಿಗುವ ತನಕ ಮೆಲ್ಲಗೆ ಬನ್ನಿ. ಎಂಜಿನ್ ಮಾತ್ರ ಕೂಗಿ ಗಾಡಿ ಹೋಗದಿದ್ದರೆ ಅಲ್ಲೇ ನಿಲ್ಲಿಸಿ ಹಝಾರ್ಡ್ ಲೈಟ್ ಹಾಕಿ, ಒಳಗೇ ಕೂತು ಫೋನ್ ಮಾಡಿ. ತಳ್ಳಿ ಸ್ಟಾರ್ಟ್ ಮಾಡುವುದು ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಆಗದ ಕೆಲಸ, ಬ್ಯಾಟರಿಗೆ ಕೇಬಲ್ ಕೊಟ್ಟೇ ಹೊರಡಿಸಬೇಕು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದೂ ಬೇಡ. ಎಂಜಿನ್ ನಿಂತಿದ್ದರೆ ಗೇರ್ ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ, ಒಳಗಿನ ಚಕ್ರಗಳು ಒಣಗಿಕೊಂಡೇ ತಿರುಗಿ, ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಎರ್ಟಿಗಾ, ಕಾರೆನ್ಸ್, ಹೈಕ್ರಾಸ್ ಮುಂದಿನ ಚಕ್ರದಿಂದ ಓಡುವವು, ಮುಂದಿನ ಎರಡೂ ಚಕ್ರ ನೆಲ ಬಿಟ್ಟಿರಬೇಕು. ಕ್ರಿಸ್ಟಾ ಹಿಂದಿನ ಚಕ್ರದ್ದು, ಹಿಂಭಾಗ ಎತ್ತಬೇಕು. ಇದೆಲ್ಲ ನೆನಪಿರುವುದಿಲ್ಲ ಅನ್ನಿಸಿದರೆ ಟೋಯಿಂಗಿನವರಿಗೆ ಫೋನ್ ಮಾಡುವಾಗಲೇ "ಆಟೋಮ್ಯಾಟಿಕ್ ಗಾಡಿ, ಫ್ಲಾಟ್‌ಬೆಡ್ ಕಳಿಸಿ" ಎಂದು ಹೇಳಿ. ನಾಲ್ಕೂ ಚಕ್ರ ಲಾರಿಯ ಮೇಲೆ ಕೂತು ಬರುತ್ತವೆ.